ಎಸ್ಪೆರಾಂತೊದ ನಿರ್ದೇಶಕ ಮತ್ತು ಪ್ರಶ್ನಾರ್ಥಕ ಪದಗಳು: ಕನ್ನಡದ ನೆಲೆಯಿಂದ ಒಂದು ವಿವೇಚನೆ

ನೇತ್ರವೈದ್ಯ ಎಲ್. ಎಲ್. ಜಾಮೆನ್‌ಹೋಫ್ 1887ರಲ್ಲಿ ವಾರ್ಸಾ ನಗರದಿಂದ ಪ್ರಕಟಿಸಿದ ಕಿರುಹೊತ್ತಿಗೆಯೊಂದಿಗೆ ಎಸ್ಪೆರಾಂತೊ ಭಾಷೆ ಬೆಳಕಿಗೆ ಬಂದಿತು. ಅದರ ನಿರ್ದೇಶಕ ಮತ್ತು ಪ್ರಶ್ನಾರ್ಥಕ ಪದಗಳೆಲ್ಲ ಒಂದೇ ಕೋಷ್ಟಕದಲ್ಲಿ ಅಡಕವಾಗಿವೆ. ಐದು ಆದಿರೂಪಗಳು ಒಂಬತ್ತು ಅಂತ್ಯಗಳೊಡನೆ ಕೂಡಿ 45 ಪದಗಳಾಗುತ್ತವೆ. ಆದಿಯ ‘ಕಿ’ ಪ್ರಶ್ನೆಯನ್ನೂ ‘ತಿ’ ನಿರ್ದೇಶವನ್ನೂ ‘ಇ’ ಅನಿಶ್ಚಯವನ್ನೂ ‘ಚಿ’ ಸಮಗ್ರತೆಯನ್ನೂ ‘ನೆನಿ’ ನಿಷೇಧವನ್ನೂ ಸೂಚಿಸುತ್ತವೆ. ಅಂತ್ಯಗಳು ವ್ಯಕ್ತಿ, ವಸ್ತು, ಸ್ಥಳ, ಕಾಲ, ರೀತಿ, ಪರಿಮಾಣ ಮುಂತಾದವನ್ನು ತಿಳಿಸುತ್ತವೆ. ‘ಕಿಯೆ’ ಎಂದರೆ ಎಲ್ಲಿ, ‘ತಿಯೆ’ ಎಂದರೆ ಅಲ್ಲಿ. ‘ಕಿಯಾಮ್’ ಯಾವಾಗ, ‘ತಿಯಾಮ್’ ಆಗ. ‘ಕಿಯೊಮ್’ ಎಷ್ಟು, ‘ತಿಯೊಮ್’ ಅಷ್ಟು.

ಅಲ್ಲಿ–ಇಲ್ಲಿ–ಎಲ್ಲಿ, ಅಷ್ಟು–ಇಷ್ಟು–ಎಷ್ಟು ಎಂಬ ಸರಣಿಗಳನ್ನು ಬಲ್ಲ ಕನ್ನಡಿಗರಿಗೆ ಈ ವ್ಯವಸ್ಥೆ ಹೊಸದಲ್ಲ. ಆದರೆ ಈ ಪರಿಚಯವೇ ದಾರಿ ತಪ್ಪಿಸಬಲ್ಲದು. ಕನ್ನಡದ ಕಿವಿಗೆ ‘ಇಯೆ’ ಎಂಬುದು ‘ಇಲ್ಲಿ’ ಎಂದು ಕೇಳಿಸಬಹುದು. ಅದರ ಅರ್ಥ ‘ಎಲ್ಲೋ’. ಸಾಮೀಪ್ಯಕ್ಕೆ ಎಸ್ಪೆರಾಂತೊದಲ್ಲಿ ಪ್ರತ್ಯೇಕ ಆದಿರೂಪವಿಲ್ಲ. ‘ಚಿ’ ಎಂಬ ಬಿಡಿ ಅವ್ಯಯವನ್ನು ಸೇರಿಸಬೇಕು. ‘ಚಿ ತಿಯೆ’ ಎಂದರೆ ಇಲ್ಲಿ. ಅದೇ ಧ್ವನಿ ಪದದ ಆದಿಯಲ್ಲಿ ಬೆರೆತು ‘ಚಿಯೆ’ ಎಂದಾದರೆ ‘ಎಲ್ಲೆಡೆ’ ಎಂದಾಗುತ್ತದೆ.

ಇದಕ್ಕಿಂತ ಆಳವಾದ ವ್ಯತ್ಯಾಸ ನಿಷೇಧದಲ್ಲಿದೆ. ಕನ್ನಡವು ಪ್ರಶ್ನಾರ್ಥಕ ಪದದ ಕೊನೆಗೆ ‘ಓ’ ಸೇರಿಸಿ ಅನಿಶ್ಚಯವನ್ನು ಹೇಳುತ್ತದೆ: ಯಾರೋ, ಎಲ್ಲೋ. ‘ಊ’ ಸೇರಿದ ‘ಯಾರೂ’ ಪದವಾದರೋ ನಿಷೇಧವನ್ನು ತಾನೇ ಹೊರುವುದಿಲ್ಲ. ‘ಯಾರೂ ಬರಲಿಲ್ಲ’ ಎಂಬಲ್ಲಿ ಆ ಹೊಣೆ ಕ್ರಿಯಾಪದದ್ದು. ಎಸ್ಪೆರಾಂತೊದಲ್ಲಿ ‘ನೆನಿಯು ವೇನಿಸ್’ ಎಂದರೆ ಸಾಕು. ಕ್ರಿಯಾಪದ ನಿಷೇಧರಹಿತವಾಗಿಯೇ ಉಳಿಯುತ್ತದೆ. ಕನ್ನಡದ ಅಭ್ಯಾಸದಂತೆ ‘ನೆನಿಯು ನೆ ವೇನಿಸ್’ ಎಂದರೆ ‘ಬಾರದವರು ಯಾರೂ ಇಲ್ಲ’ ಎಂಬ ವಿರುದ್ಧಾರ್ಥ ಹೊರಡುತ್ತದೆ. ಜಾಮೆನ್‌ಹೋಫ್‌ನ ಪರಿಸರದ ಪೋಲಿಷ್, ರಷ್ಯನ್ ಭಾಷೆಗಳಲ್ಲಿಯೂ ಇಂಥ ವಾಕ್ಯಕ್ಕೆ ಎರಡು ನಿಷೇಧಗಳು ಬೇಕು. ಎಸ್ಪೆರಾಂತೊದ 16 ಮೂಲ ನಿಯಮಗಳಲ್ಲಿ 12ನೆಯದು, ವಾಕ್ಯದಲ್ಲಿ ಬೇರೊಂದು ನಿಷೇಧಪದವಿದ್ದರೆ ‘ನೆ’ಯನ್ನು ಕೈಬಿಡಬೇಕೆಂದು ವಿಧಿಸುತ್ತದೆ.

ಗಡಿನಾಡಿನ ದ್ವಿಭಾಷಿಕರಿಗೆ ಅವರ ಎರಡನೆಯ ಭಾಷೆಯೂ ಇಲ್ಲಿ ಒದಗಿಬರುವುದಿಲ್ಲ. ತಮಿಳಿನ ‘ಯಾರುಂ ವರವಿಲ್ಲೈ’, ತೆಲುಗಿನ ‘ಎವರೂ ರಾಲೇದು’, ಮಲಯಾಳದ ‘ಆರುಂ ವನ್ನಿಲ್ಲ’, ಮರಾಠಿಯ ‘ಕೋಣೀ ಆಲೇ ನಾಹೀ’ ಇವೆಲ್ಲವೂ ನಿಷೇಧವನ್ನು ವಾಕ್ಯದ ತುದಿಯಲ್ಲಿಯೇ ಇಡುತ್ತವೆ.

‘ಅವನು ಯಾವಾಗಲೂ ಬರುವುದಿಲ್ಲ’ ಎಂಬ ಕನ್ನಡ ವಾಕ್ಯವನ್ನು ಪರಿಶೀಲಿಸಬಹುದು. ಅವನು ಎಂದೂ ಬರುವುದಿಲ್ಲವೋ, ಪ್ರತಿ ಸಲವೂ ಬರುವುದಿಲ್ಲವೋ ಎಂಬುದನ್ನು ಮಾತಿನ ಏರಿಳಿತವೂ ಸಂದರ್ಭವೂ ನಿರ್ಧರಿಸುತ್ತವೆ. ಎಸ್ಪೆರಾಂತೊ ಮೊದಲನೆಯದಕ್ಕೆ ‘ಲಿ ನೆನಿಯಾಮ್ ವೇನಾಸ್’ ಎಂದೂ ಎರಡನೆಯದಕ್ಕೆ ‘ಲಿ ನೆ ಚಿಯಾಮ್ ವೇನಾಸ್’ ಎಂದೂ ಬೇರ್ಪಡಿಸುತ್ತದೆ. ಆದ್ದರಿಂದ ಕೋಷ್ಟಕದ ಕಂಠಪಾಠ ಕಲಿಕೆಯ ಅರ್ಧಭಾಗ ಮಾತ್ರ. ಒಂದೊಂದು ಪದವನ್ನೂ ಇಡೀ ವಾಕ್ಯದೊಳಗಿರಿಸಿ, ನಿಷೇಧದ ಹೊಣೆ ಯಾವ ಪದದ ಮೇಲಿದೆಯೆಂದು ಗುರುತಿಸಿದಾಗಲೇ ಅದರ ಅರ್ಥ ಖಚಿತವಾಗುತ್ತದೆ.