ರೋಲ್ ನಂಬರಿನ ನೆಂಟರು

ಬೆಳಗಿನ ಏಳಕ್ಕೆಲ್ಲ ಮೈದಾನದಲ್ಲಿ ಸುಣ್ಣದ ಗೆರೆ ಬಿದ್ದಾಗಿದೆ. ಪಿ.ಟಿ. ಸರ್ ಕೊರಳಲ್ಲಿ ಸೀಟಿ, ಕಂಕುಳಲ್ಲಿ ರಿಜಿಸ್ಟರು. ಜನವರಿಯಲ್ಲಿ ಮುಂಬಯಿಗೆ ಬರುವ ಚಳಿ ಅಮ್ಮಂದಿರ ಸಮಾಧಾನಕ್ಕಷ್ಟೇ ಸಾಲುವಂಥದ್ದು; ಗೇಟು ದಾಟಿದ್ದೇ ತಡ, ಮಕ್ಕಳು ಸ್ವೆಟರು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಅದರಡಿಯಿಂದ ಟೀಶರ್ಟುಗಳು ಹೊರಬೀಳುತ್ತವೆ. ಕೆಂಪು, ಹಸಿರು, ನೀಲಿ, ಹಳದಿ. ಐದು ನಿಮಿಷದ ಹಿಂದೆ ಒಂದೇ ಗುಂಪಾಗಿ ಗಿಜಿಗುಡುತ್ತಿದ್ದವರು ಈಗ ನಾಲ್ಕು ಸಾಲು, ಶಾಲೆಯ ನಾಲ್ಕು ‘ಹೌಸು’ಗಳು.

ಇದು ಸಯನ್‌ನ ಒಂದು ಶಾಲೆಯ ಕ್ರೀಡಾದಿನ. ಶಾಲೆಗೆ ಸ್ವಂತ ಮೈದಾನವಿಲ್ಲ, ಇಲ್ಲಿ ಬಹಳ ಶಾಲೆಗಳಿಗಿಲ್ಲ, ಬಾಡಿಗೆಗೆ ಹಿಡಿದದ್ದು. ಒಂದು ಬದಿಗೆ ಪೆಂಡಾಲು, ಕೆಂಪು ಪ್ಲಾಸ್ಟಿಕ್ ಕುರ್ಚಿಗಳು. ಸೆಂಟ್ರಲ್ ಲೈನಿನ ಗಾಡಿ ಹೋದಾಗಲೆಲ್ಲ ಮೈಕಿನಲ್ಲಿ ಸ್ವಾಗತ ಹೇಳುತ್ತಿರುವ ಟೀಚರ ಅರ್ಧ ವಾಕ್ಯ ಮಾಯವಾಗುತ್ತದೆ. ಧಾರಾವಿ ಕಡೆಯ ತಂದೆತಾಯಂದಿರು ಏದುಸಿರು ಬಿಡುತ್ತ ಬರುತ್ತಾರೆ. ಸ್ಟೇಷನ್ ಪಕ್ಕದ 1912ರ ಮೇಲ್ಸೇತುವೆಯನ್ನು 2024ರ ಆಗಸ್ಟಿನಲ್ಲಿ ಮುಚ್ಚಿದ ಮೇಲೆ ಅವರಿಗೆ ಸುತ್ತುದಾರಿಯೇ ಗತಿಯಾಗಿತ್ತು.

ಮೊದಲು ಮಾರ್ಚ್‌ಪಾಸ್ಟ್. ಹೌಸ್ ಕ್ಯಾಪ್ಟನ್‌ಗಳು ಬಾವುಟ ಹಿಡಿದು ಮುಂದೆ, ಹಿಂದೆ ಎಡಗಾಲು ಬಲಗಾಲು ಅದಲುಬದಲಾಗಿ ನಡೆಯುವ ಚಿಕ್ಕವರು. ಆಮೇಲೆ ಲೇಝಿಮ್. ಮಹಾರಾಷ್ಟ್ರದ ಶಾಲೆಯಲ್ಲಿ ಲೇಝಿಮ್ ಇಲ್ಲದೆ ಕ್ರೀಡಾದಿನವೇ? ನೂರಾರು ಕೈಗಳಲ್ಲಿ ಬಿಲ್ಲೆಗಳು ಒಟ್ಟಿಗೆ ಝಲ್ಲೆಂದಾಗ ಪೆಂಡಾಲಿನ ಹರಟೆ ನಿಂತುಬಿಡುತ್ತದೆ. ಬಳಿಕ ಗೋಣಿಚೀಲದ ಓಟ, ನಿಂಬೆಹಣ್ಣು ಚಮಚದ ಓಟ, ಕುಂಟಾಟದ ಲಂಗಡಿ, ಕೊನೆಗೆ ಎಲ್ಲರೂ ಕಾಯುವ ರಿಲೇ.

ನನ್ನ ಪಕ್ಕದ ಕುರ್ಚಿಯಲ್ಲಿ ಉಡುಪಿ ಕಡೆಯಿಂದ ಮಗನ ಮನೆಗೆ ಬಂದ ಅಜ್ಜಿಯೊಬ್ಬರು. ಕೊಪ್ಪರಿಗೆಯಷ್ಟು ಕುತೂಹಲ. ಮೊಮ್ಮಗಳು ಹಳದಿ ಸಾಲಿನಲ್ಲಿದ್ದಾಳೆ. ಅವಳ ಹೆಸರು ಹಿಡಿದು ಹತ್ತಾರು ಹುಡುಗರು ಗಂಟಲು ಹರಿಯುವಂತೆ ಕೂಗುತ್ತಿರುವುದು ಅಜ್ಜಿಗೆ ಸೋಜಿಗ.

“ಅಲ್ಲ ಮಾರಾಯ್ತಿ, ಆ ಹಳದಿ ಅಂಗಿಯ ಮಕ್ಕಳೆಲ್ಲ ಯಾರ ಪೈಕಿ?” ಎಂದು ಸೊಸೆಯನ್ನು ಕೇಳಿದರು.

“ಯಾರ ಪೈಕಿಯೂ ಅಲ್ಲ ಅತ್ತೆ, ಅವ್ರು ಯೆಲ್ಲೋ ಹೌಸ್.”

ಅಜ್ಜಿಗೆ ಉತ್ತರ ತೃಪ್ತಿ ತಂದಂತೆ ಕಾಣಲಿಲ್ಲ. ಅವರ ಪ್ರಶ್ನೆ ಮಾತ್ರ ಈ ಊರಿನಲ್ಲಿ ನಾವು ಕನ್ನಡಿಗರು ತಲೆಮಾರುಗಳಿಂದ ಕೇಳಿಕೊಂಡು ಬಂದದ್ದೇ. ಯಾರ ಪೈಕಿ? ಯಾವ ಊರು? ಆ ಪ್ರಶ್ನೆಯ ಉತ್ತರವಾಗಿಯೇ ಮುಂಬಯಿಯಲ್ಲಿ ಕಟ್ಟಡಗಳೆದ್ದವು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1925ರಲ್ಲಿ ದಕ್ಷಿಣ ಕನ್ನಡದ ಬ್ರಾಹ್ಮಣರ ಬಿ.ಎಸ್.ಕೆ.ಬಿ. ಅಸೋಸಿಯೇಶನ್, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಶನ್. ಹಳೆಯ ಮೈಸೂರಿನವರಿಗೆ ಮಾಟುಂಗದ ಮೈಸೂರು ಅಸೋಸಿಯೇಶನ್, ಅದು 1926. ಬಿ.ಎಸ್.ಕೆ.ಬಿ.ಯ ‘ಗೋಕುಲ’ ಇರುವುದು ಇದೇ ಸಯನ್‌ನಲ್ಲಿ. ಬೋಟಿನಿಂದಲೋ ಬಸ್ಸಿನಿಂದಲೋ ಇಳಿದ ಹುಡುಗನಿಗೆ ಗುರುತು ಪರಿಚಯ, ಒಂದು ನೌಕರಿಯ ಸುಳಿವು, ಮುಂದೆ ಮದುವೆಗೆ ಸಭಾಂಗಣ, ಎಲ್ಲವೂ ಇಂಥ ಬಾಗಿಲುಗಳ ಮೂಲಕವೇ ಸಿಕ್ಕವು. ಅದನ್ನು ಹಗುರವಾಗಿ ಕಾಣುವುದು ತಪ್ಪು. ಆದರೆ ಬಾಗಿಲ ಮೇಲೆ ಒಂದು ಹೆಸರಿತ್ತು, ಆ ಹೆಸರಿನವರಿಗೆ ಅದು ಹುಟ್ಟಿನಿಂದಲೇ ತೆರೆದಿತ್ತು.

ಯೆಲ್ಲೋ ಹೌಸಿನ ಬಾಗಿಲು ತೆರೆಯುವುದು ಬೇರೆ ರೀತಿ. ಈ ಶಾಲೆಯ ಗುಮಾಸ್ತರು ಅದನ್ನು ವಿವರಿಸಿದಾಗ ನನಗೆ ನಗು ಬಂತು, ಆಮೇಲೆ ಮೆಚ್ಚುಗೆಯೂ. ತರಗತಿಯ ಹಾಜರಿ ಪುಸ್ತಕ ಇಂಗ್ಲಿಷ್ ಅಕಾರಾದಿಯಂತೆ ಅಡ್ಡಹೆಸರಿನ ಕ್ರಮದಲ್ಲಿದೆ. ಮೊದಲನೆಯವನು ಕೆಂಪು, ಎರಡನೆಯವನು ಹಸಿರು, ಮೂರನೆಯವಳು ನೀಲಿ, ನಾಲ್ಕನೆಯವಳು ಹಳದಿ, ಮತ್ತೆ ಕೆಂಪಿನಿಂದ ಶುರು. ಅಷ್ಟೇ. ಫಲ ಏನೆಂದರೆ, ಒಂದರ ಕೆಳಗೊಂದು ಬರುವ ನಾಲ್ವರು ಶೆಟ್ಟಿ ಮಕ್ಕಳು ನಾಲ್ಕು ಬಣ್ಣಕ್ಕೆ ಹಂಚಿಹೋಗುತ್ತಾರೆ. ಶೇಖ್, ಶರ್ಮಾ, ಶೆಟ್ಟಿ, ಶಿಂದೆ ಸಾಲಾಗಿ ಬಂದರೂ ಅದೇ ಗತಿ. ಅಡ್ಡಹೆಸರಿನ ಸಾಲನ್ನೇ ಹಿಡಿದು ಅಡ್ಡಹೆಸರಿನ ಗುಂಪನ್ನು ಒಡೆಯುವ ಈ ಲೆಕ್ಕವನ್ನು ಯಾವ ಸುಧಾರಕನೂ ಕೂತು ಯೋಚಿಸಿದ್ದಲ್ಲ. ಗುಮಾಸ್ತರಿಗೆ ಅದು ಸುಲಭವಾಗಿತ್ತು.

ಸಯನ್‌ನಂಥ ಜಾಗದಲ್ಲಿ ಇದರ ಪರಿಣಾಮ ಕಣ್ಣಿಗೇ ಕಾಣುತ್ತದೆ. ಬ್ರಿಟಿಷರು 1669 ಮತ್ತು 1677ರ ನಡುವೆ ತಮ್ಮ ದ್ವೀಪದ ಗಡಿ ಕಾಯಲು ಗುಡ್ಡದ ಮೇಲೆ ಕೋಟೆ ಕಟ್ಟಿದ್ದು ಇಲ್ಲಿ. ಮುಂದೆ ಆ ಗಡಿಯ ಸುತ್ತಲೇ, ಮೊದಲಿಂದ ಇದ್ದವರ ಜೊತೆಗೆ, ಯಾರ್‍ಯಾರೋ ಬಂದು ನೆಲೆಸಿದರು. ಕೋಳಿವಾಡೆಯ ಮೂಲನಿವಾಸಿ ಕೋಳಿ ಮೀನುಗಾರರು, ದೇಶವಿಭಜನೆಯ ನಂತರ ಬಂದು ಈಗಿನ ಗುರು ತೇಗ್ ಬಹಾದ್ದೂರ್ ನಗರದಲ್ಲಿ ಬೇರೂರಿದ ಪಂಜಾಬಿ ಮತ್ತು ಸಿಂಧಿ ನಿರಾಶ್ರಿತರು, ಧಾರಾವಿಯ ತಮಿಳರು, ಆಂಟಾಪ್ ಹಿಲ್‌ನ ಕೇಂದ್ರ ಸರ್ಕಾರಿ ಕ್ವಾರ್ಟರ್ಸಿನವರು, ಮಾಟುಂಗದ ಕಡೆಯಿಂದ ಚಾಚಿಕೊಂಡ ನಮ್ಮವರು, ಗುಜರಾತಿಗಳು, ಎಲ್ಲೆಲ್ಲಿಯೂ ಮರಾಠಿಗರು. ಇವರ ಕಟ್ಟಡಗಳು ಬೇರೆ, ಹಬ್ಬದ ಪೆಂಡಾಲುಗಳು ಬೇರೆ. ರಿಲೇ ಮಾತ್ರ ನಾಲ್ವರದ್ದು. ನಾನು ನೋಡುತ್ತಿರುವಾಗಲೇ ಹಳದಿಯ ಮೊದಲ ಹುಡುಗ, ತಲೆಗೆ ಪಟ್ಕಾ ಸುತ್ತಿದ ಸರ್ದಾರ, ಬೇಟನ್ ಕೊಟ್ಟದ್ದು ಎಣ್ಣೆಜಡೆಯ ಧಾರಾವಿ ಹುಡುಗಿಗೆ. ಅವಳಿಂದ ಅದು ಅಜ್ಜಿಯ ಮೊಮ್ಮಗಳ ಕೈಗೆ ಬರುವಾಗ ಜಾರಿ ನೆಲಕ್ಕೆ ಬಿತ್ತು. ಪೆಂಡಾಲಿನಿಂದ ನಾಲ್ಕೈದು ಭಾಷೆಗಳಲ್ಲಿ ‘ಅಯ್ಯೋ’ ಎದ್ದಿತು. ಹುಡುಗಿ ಎತ್ತಿಕೊಂಡು ಓಡಿದಳು, ಹಳದಿ ಮೂರನೆಯದಾಗಿ ಬಂತು. ಅವಳು ಅಳುತ್ತ ಕೂತಾಗ ಪಕ್ಕ ಬಂದು ಕೂತದ್ದು ಬೇಟನ್ ಕೊಡಲು ಬಂದಿದ್ದ ಆ ಧಾರಾವಿ ಹುಡುಗಿಯೇ. ತಪ್ಪು ಯಾರದೆಂದು ಇಬ್ಬರೂ ಹಿಂದಿಯಲ್ಲಿ ಜಗಳವಾಡತೊಡಗಿದರು. ಜಗಳವಾಡುವಷ್ಟು ಸಲಿಗೆ.

ಈ ಹೌಸ್ ಪದ್ಧತಿ ಮೂಲತಃ ನಮ್ಮದಲ್ಲ. ಇಂಗ್ಲೆಂಡಿನ ವಸತಿಶಾಲೆಗಳಲ್ಲಿ ಹೌಸ್ ಎಂದರೆ ನಿಜವಾಗಿಯೂ ಮನೆಯೇ ಆಗಿತ್ತು: ಮಂಚ, ಊಟದ ಮೇಜು, ಒಬ್ಬ ಹೌಸ್‌ಮಾಸ್ಟರ್, ಹಿರಿಯ ಹುಡುಗರ ಕೈಯಲ್ಲಿ ಕಿರಿಯರ ಹೊಣೆ. ಥಾಮಸ್ ಆರ್ನಾಲ್ಡ್ ನಡೆಸುತ್ತಿದ್ದ ರಗ್ಬಿ ಶಾಲೆಯಲ್ಲಿ 1837ರಿಂದ ಮೇಷ್ಟರಾಗಿದ್ದ ಜಾರ್ಜ್ ಕಾಟನ್ ಮುಂದೆ ಕಲ್ಕತ್ತೆಯ ಬಿಷಪ್ ಆಗಿ ಬಂದರು. ಶಿಮ್ಲಾದ ಬಿಷಪ್ ಕಾಟನ್ ಶಾಲೆ 1859ರದು, ಬೆಂಗಳೂರಿನದು 1865ರದು. ಆ ದಾರಿಯಲ್ಲಿ ಬಂದ ಹೌಸು ಹಗಲು ಶಾಲೆಗಳಿಗೆ ಇಳಿಯುವ ಹೊತ್ತಿಗೆ ಮಂಚ, ಮೇಜು, ಗೋಡೆ ಎಲ್ಲವನ್ನೂ ಕಳೆದುಕೊಂಡು ಬಣ್ಣವನ್ನಷ್ಟೇ ಉಳಿಸಿಕೊಂಡಿತು.

ವಿಜಯಪುರದ ಸೈನಿಕ ಶಾಲೆಯಲ್ಲಿ ಅದು ಇನ್ನೂ ಮಲಗುವ ಮನೆಯೇ. 1963ರಲ್ಲಿ ಶುರುವಾದ ಆ ಶಾಲೆಯ ಹೌಸುಗಳಿಗೆ ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ, ಆದಿಲ್‌ಶಾಹಿ, ಒಡೆಯರ್ ಎಂದು ಹೆಸರು. 1565ರಲ್ಲಿ ತಾಳಿಕೋಟೆಯ ಯುದ್ಧದಲ್ಲಿ ಎದುರಾಳಿಗಳಾಗಿದ್ದವರು ಇಲ್ಲಿ ಕಪ್ಪಿಗಾಗಿ ಬಾಸ್ಕೆಟ್‌ಬಾಲ್ ಆಡಿ ಒಂದೇ ಮೆಸ್ಸಿನಲ್ಲಿ ಚಪಾತಿ ತಿನ್ನುತ್ತಾರೆ. ನವೋದಯ ವಿದ್ಯಾಲಯಗಳಲ್ಲಿ ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ. ಒಂಬತ್ತನೇ ತರಗತಿಯ ಒಂದು ಪಾಲು ಮಕ್ಕಳನ್ನು ಅಲ್ಲಿ ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯಕ್ಕೆ ಕಳಿಸುವ ಕ್ರಮವಿದೆ. ಕರ್ನಾಟಕದ ಹಳ್ಳಿಯ ನೀಲಗಿರಿ ಹುಡುಗ ಉತ್ತರ ಪ್ರದೇಶದಲ್ಲಿ ಇಳಿದು, ಊಟ ತಿಳಿಯದೆ, ಮಾತು ತಿಳಿಯದೆ ನಿಂತಾಗ, ಗೋಡೆಯ ಮೇಲೆ ಅದೇ ನಾಲ್ಕು ಹೆಸರು. ವರ್ಗಾವಣೆಯ ನೌಕರರ ಮಕ್ಕಳು ಓದುವ ಕೇಂದ್ರೀಯ ವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಶಿವಾಜಿ, ಟಾಗೋರ್, ಅಶೋಕ, ರಾಮನ್ ಎಂದಿರುವುದರ ಅನುಕೂಲವೂ ಇದೇ. ಸಯನ್ ಪಕ್ಕದ ಆಂಟಾಪ್ ಹಿಲ್‌ನಲ್ಲೂ ಅಂಥದೊಂದು ಶಾಲೆಯಿದೆ. ಅಪ್ಪನಿಗೆ ವರ್ಗವಾದಾಗ ಆ ಮಕ್ಕಳ ಮನೆ ಬದಲಾಗುತ್ತದೆ, ಹೌಸಿನ ಹೆಸರು ಬಹುಮಟ್ಟಿಗೆ ಹೋದಲ್ಲೂ ಅದೇ.

ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಕೆಲವರಿಗೆ ಇಂಥದೇ ಬೆರೆತ ಬಳಗ ಸಿಕ್ಕಿದ್ದು ರಾತ್ರಿಶಾಲೆಯ ಬೆಂಚಿನ ಮೇಲೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಮುಖ ತೊಳೆದು ಪುಸ್ತಕ ಹಿಡಿದು ಬಂದ ಮಾಣಿಗಳು, ಕ್ಯಾಂಟೀನ್ ಹುಡುಗರು. ಆ ಶಾಲೆಗಳನ್ನು ನಡೆಸಿದ್ದರಲ್ಲಿ ಜಾತಿಯ ಸಂಘಗಳೂ ಇದ್ದವು. ಬೆಂಚಿನಲ್ಲಿ ಮಾತ್ರ ಎಲ್ಲರೂ ಬೆರೆತೇ ಕೂತರು. ಹೌಸ್, ಬಣ್ಣ, ಕ್ಯಾಪ್ಟನ್ ಏನೂ ಇರಲಿಲ್ಲ. ಹಸಿವು ಮತ್ತು ನಿದ್ದೆ ಎಲ್ಲರಿಗೂ ಸಮನಾಗಿದ್ದವು.

ಹಾಗೆಂದು ಹೌಸ್ ಪದ್ಧತಿಯನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಬ್ರಿಸ್ಟಲ್‌ನಲ್ಲಿದ್ದ ಮನಃಶಾಸ್ತ್ರಜ್ಞ ಹೆನ್ರಿ ತಾಜ್ಫೆಲ್ 1970ರ ಸುಮಾರಿಗೆ ಶಾಲಾ ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ನಿಮಗೆ ಪಾಲ್ ಕ್ಲೇ ಚಿತ್ರ ಇಷ್ಟವೋ ಕ್ಯಾಂಡಿನ್‌ಸ್ಕಿ ಚಿತ್ರವೋ ಎಂದು ಕೇಳಿ, ಆ ಮೇರೆಗೆ ಭಾಗ ಮಾಡಿದ್ದೇವೆಂದು ಹೇಳಿ, ಅಸಲಿಗೆ ಮನಬಂದಂತೆ ಎರಡು ಗುಂಪು ಮಾಡಿದರು. ತನ್ನ ಗುಂಪಿನಲ್ಲಿ ಯಾರಿದ್ದಾರೆಂಬುದೂ ಯಾವ ಹುಡುಗನಿಗೂ ಗೊತ್ತಿರಲಿಲ್ಲ. ಹಣ ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿನವರಿಗೇ ಹೆಚ್ಚು ಕೊಟ್ಟರು. ನಾಜಿಗಳ ಕಾಲದಲ್ಲಿ ತನ್ನ ಕುಟುಂಬವನ್ನೇ ಕಳೆದುಕೊಂಡ ಯೆಹೂದಿ ತಾಜ್ಫೆಲ್. ಬಳಗ ಕಟ್ಟುವುದೆಷ್ಟು ಸುಲಭ ಎಂಬ ಸಂಗತಿ ಅವರನ್ನು ಸಂತೋಷಪಡಿಸುವಂಥದ್ದಾಗಿರಲಿಲ್ಲ.

ಮೈದಾನದಲ್ಲೂ ಅದರ ನೆರಳಿದೆ. ನೀಲಿಯವರು ಹಸಿರಿನವರನ್ನು ‘ಪಾಲಕ್’ ಎಂದು ಅಣಕಿಸುತ್ತಾರೆ. ಇನ್ನೊಂದು ಸಂಗತಿ ನನಗೆ ಹೆಚ್ಚು ಚುಚ್ಚುತ್ತದೆ. ಪೆಂಡಾಲಿನ ಹಿಂದೆ ನೀರಿನ ಡ್ರಮ್ಮಿನ ಹತ್ತಿರ, ಬಣ್ಣ ಹೊಂದುವ ಟೀಶರ್ಟೇ ತೊಟ್ಟು, ಯಾವ ಸ್ಪರ್ಧೆಯಲ್ಲೂ ಇಲ್ಲದ ಒಂದಷ್ಟು ಮಕ್ಕಳು. ಓಡಲಾರದವರು, ಹಾಡಲಾರದವರು, ಭಾಷಣಕ್ಕೆ ನಿಂತರೆ ನಡುಗುವವರು. ಪಾಯಿಂಟು ತರದ ಮಗುವಿಗೆ ಹೌಸ್ ಬರೀ ಅಂಗಿ. ಅದಕ್ಕೂ ಖರ್ಚು ತೆತ್ತವರು ಅಪ್ಪ ಅಮ್ಮಂದಿರೇ.

ಹಿರಿಯ ಟೀಚರೊಬ್ಬರಿಗೆ ಇದು ಗೊತ್ತಿದೆ. ಹೌಸಿನ ಲೆಕ್ಕಕ್ಕೆ ಅವರು ಹಾಜರಿ ಸೇರಿಸಿದ್ದಾರೆ, ಲೈಬ್ರರಿ ಪುಸ್ತಕವನ್ನು ಹೊತ್ತಿಗೆ ಸರಿಯಾಗಿ ಹಿಂದಿರುಗಿಸಿದ್ದನ್ನು ಸೇರಿಸಿದ್ದಾರೆ. ಅದಕ್ಕಿಂತ ಜಾಣತನದ್ದು ಇನ್ನೊಂದು: ಪ್ರತಿ ಹೌಸಿನಲ್ಲೂ ಒಂಬತ್ತನೇ ತರಗತಿಯವರಿಗೆ ಐದನೇ ತರಗತಿಯ ಒಂದೊಂದು ಮಗುವಿನ ಜವಾಬ್ದಾರಿ, ಡಬ್ಬಿ ತಂದಿದೆಯೇ ಎಂದು ನೋಡುವುದರಿಂದ ಹಿಡಿದು. “ಕಪ್ ಯಾರಿಗೆ ಹೋಯ್ತು ಅಂತ ಫೆಬ್ರವರಿಗೆ ಯಾರಿಗೂ ನೆನಪಿರಲ್ಲ. ಆದ್ರೆ ಐದನೇ ಕ್ಲಾಸಲ್ಲಿ ನನ್ನ ಕೈ ಹಿಡ್ಕೊಂಡು ಬಸ್ ಹತ್ತಿಸಿದ ದೀದಿ ಯಾರು ಅನ್ನೋದನ್ನ ಮದುವೆ ಆದ್ಮೇಲೂ ಹೇಳ್ತಾರೆ” ಎಂದರು ಅವರು. ಧಾರವಾಡದ ಕಡೆಯವರು, ಮುಂಬಯಿಗೆ ಬಂದು ಕನ್ನಡ ಸ್ವಲ್ಪ ಸಪ್ಪಗಾಗಿದೆ.

ಗುಮಾಸ್ತರ ಲೆಕ್ಕದಲ್ಲಿ ಒಂದು ಕಿಂಡಿ ಮಾತ್ರ ಮುಚ್ಚಿಲ್ಲ. ಅಕ್ಕ ಯಾವ ಹೌಸಿನಲ್ಲಿದ್ದಾಳೋ ತಮ್ಮನಿಗೂ ಅದೇ ಕೊಡುವ ರೂಢಿ, ಹಳೆಯ ಟೀಶರ್ಟು ಉಪಯೋಗಕ್ಕೆ ಬರಲೆಂದು. ಅಲ್ಲಿಂದ ನೆಂಟಸ್ತನ ಮೆಲ್ಲಗೆ ಒಳಗೆ ಬರುತ್ತದೆ. ಜೂನಿನ ಮಳೆಯಲ್ಲಿ ಪ್ರವೇಶದ ಸಮಯ ಬಂದರೆ ಗುಮಾಸ್ತರ ಕಿಟಕಿಯ ಮುಂದೆ ಒದ್ದೆ ಕೊಡೆಗಳ ಸಾಲು. ಒಮ್ಮೆ ಪ್ರತೀಕ್ಷಾ ನಗರದ ಒಬ್ಬ ತಂದೆ, ನಮ್ಮವರೇ, ಹುಡುಗನ ಕೈ ಹಿಡಿದುಕೊಂಡು ಕಿಟಕಿಗೆ ಬಗ್ಗಿದರು. ಇವನ ದೊಡ್ಡಪ್ಪನ ಮಗ ನೀಲಿಯಲ್ಲಿದ್ದಾನೆ, ಇವನಿಗೂ ಅದೇ ಕೊಡಿ ಸರ್, ಗುರುತಿನವರು ಜೊತೆಗಿದ್ದರೆ ಹುಡುಗ ಹೆದರುವುದಿಲ್ಲ ಎಂದರು. ದೊಡ್ಡಪ್ಪನ ಮಗ ನಡೆಯುವುದಿಲ್ಲ, ಸ್ವಂತ ಅಕ್ಕ ತಮ್ಮ ಮಾತ್ರ ಎಂದು ಗುಮಾಸ್ತರು ಮರಾಠಿಯಲ್ಲಿ ಹೇಳಿದರು. ಮೇಲಿಂದ ಕೆಳಗೆ ಪಟ್ಟಿ ಎಣಿಸಿದರು. ಹಸಿರು. ತಂದೆ ಇನ್ನೇನೋ ಹೇಳುವಷ್ಟರಲ್ಲಿ ಹುಡುಗ ಕಿಟಕಿಯ ಕಟ್ಟೆಗೆ ಗಲ್ಲ ಊರಿ, ಹಸಿರಿನಲ್ಲಿ ಫುಟ್‌ಬಾಲ್ ಆಡುವವರು ಯಾರಿದ್ದಾರೆ ಎಂದು ಕೇಳಿದ.