ಹುಳ ಕಚ್ಚಿದ ಮೇಲಿನ ಮೊದಲ ಹದಿನೈದು ನಿಮಿಷ



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಚರ್ಮಗಂಟು ರೋಗದ ಬಗ್ಗೆ ಈ ಪುಟಗಳಲ್ಲಿ ನೀವು ಎಷ್ಟೋ ಸಲ ಓದಿದ್ದೀರಿ. ಹಸು ಒಂದು ಹೊತ್ತು ಮೇವು ಬಿಟ್ಟರೆ ಯಾರಿಗೆ ಫೋನ್ ಮಾಡಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ತಿಂಗಳು ಹಸುವನ್ನು ಸ್ವಲ್ಪ ಪಕ್ಕಕ್ಕೆ ಕಟ್ಟಿ, ಅದನ್ನು ಸಾಕುವ ನಿಮ್ಮ ವಿಚಾರಕ್ಕೆ ಬರೋಣ. ವಿಷಯ ಸಣ್ಣದಾಗಿ ಕಾಣಬಹುದು: ಕೆಲಸ ಮಾಡುವಾಗ ಜೇನು, ಕಡಜ ಕಚ್ಚುವುದು. "ಹುಳ ಕಚ್ಚೋದೇನು ಮಹಾ, ಸುಣ್ಣ ಹಚ್ಚಿದ್ರೆ ಆಯ್ತು" ಎನ್ನುತ್ತೀರಿ. ಬಹುಪಾಲು ಸಲ ಅದು ನಿಜವೂ ಹೌದು. ಆದರೆ ಕೆಲವರ ಮೈಯಲ್ಲಿ ಒಂದೇ ಒಂದು ಹುಳ ಕಚ್ಚಿದರೂ ಅರ್ಧ ಗಂಟೆಯೊಳಗೆ ಪ್ರಾಣ ಹೋಗಬಹುದು. ಆ ಕೆಲವರಲ್ಲಿ ತಾವೂ ಒಬ್ಬರೆಂದು ಎಷ್ಟೋ ಮಂದಿಗೆ ಮೊದಲು ಗೊತ್ತೇ ಇರುವುದಿಲ್ಲ.

ನಮ್ಮ ಕೆಲಸ ನಡೆಯುವುದೇ ಹುಳಗಳ ಮನೆಬಾಗಿಲಲ್ಲಿ. ಕೊಟ್ಟಿಗೆಯ ಶೀಟಿನಡಿ, ಜಂತೆಯ ಸಂದಿ, ರಾಗಿ ಹುಲ್ಲಿನ ಮೆದೆ, ಗೇಟಿನ ಕಬ್ಬಿಣದ ಪೈಪು, ಮೋಟರ್ ಮನೆಯ ಸ್ಟಾರ್ಟರ್ ಪೆಟ್ಟಿಗೆ, ಇಲ್ಲೆಲ್ಲ ಕಡಜ ಗೂಡು ಕಟ್ಟುತ್ತದೆ. ವಾರಗಟ್ಟಲೆ ಮುಟ್ಟದೆ ಬಿಟ್ಟ ಮೇವು ಕತ್ತರಿಸುವ ಯಂತ್ರದ ಮುಚ್ಚಳದೊಳಗೂ ಕಟ್ಟುತ್ತದೆ. ಬೇಸಿಗೆಯಲ್ಲಿ ಜೇನುಹುಳಗಳು ನೀರು ಹುಡುಕಿಕೊಂಡು ದನದ ತೊಟ್ಟಿಯ ಅಂಚಿಗೇ ಬಂದು ಕೂರುತ್ತವೆ. ಕಾಕಂಬಿ ಬೆರೆಸಿದ ಮೇವು ಇಟ್ಟ ಕಡೆ ಸಿಹಿ ವಾಸನೆಗೆ ಎರಡೂ ಬರುತ್ತವೆ. ಇನ್ನು ನೇಪಿಯರ್ ಹುಲ್ಲಿನ ಬುಡಕ್ಕೆ ಕುಡುಗೋಲು ಹಾಕುವಾಗ ಒಳಗೆ ಗೂಡಿದೆಯೋ ಇಲ್ಲವೋ ಕಾಣುವುದಿಲ್ಲ. ಹುಲ್ಲು ಕೊಯ್ಯಲು ಹೋಗುವವರು ಹೆಚ್ಚಾಗಿ ನಮ್ಮ ತಾಯಂದಿರು, ಅಕ್ಕತಂಗಿಯರು. ಹೋಗುವುದು ಒಬ್ಬರೇ. ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿರುತ್ತದೆ. ಇದೇ ನಿಜವಾದ ಅಪಾಯ.

ಕಚ್ಚಿದ್ದು ಕೈಗೆ, ತೊಂದರೆ ಇನ್ನೆಲ್ಲೋ

ಎರಡು ಬಗೆಯನ್ನು ಬೇರೆ ಮಾಡಿ ನೋಡುವುದನ್ನು ಕಲಿತರೆ ಅರ್ಧ ಕೆಲಸ ಆದಂತೆ. ಕಚ್ಚಿದ ಜಾಗದಲ್ಲೇ ಉರಿ, ನೋವು, ಊತ ಬಂದರೆ ಅದು ಸಾಮಾನ್ಯ. ಕೆಲವರಿಗೆ ಬೆರಳಿಗೆ ಕಚ್ಚಿದರೆ ಮೊಣಕೈವರೆಗೂ ಊದಿ, ಎರಡು ದಿನ ಏರಿ ಆಮೇಲೆ ಇಳಿಯುತ್ತದೆ. ನೋಡಲು ಗಾಬರಿಯಾದರೂ ಅದೂ ಕಚ್ಚಿದ ಕಡೆಯದೇ ಊತ. ತಣ್ಣೀರು ಬಟ್ಟೆ ಅಥವಾ ಮಂಜುಗಡ್ಡೆ ಇಟ್ಟು, ಉಂಗುರ ಬಳೆ ಇದ್ದರೆ ಬೇಗ ತೆಗೆದು, ಮರುದಿನ ವೈದ್ಯರಿಗೆ ತೋರಿಸಿದರೂ ಆದೀತು.

ಹೆದರಬೇಕಾದದ್ದು ಇನ್ನೊಂದಕ್ಕೆ. ಕಚ್ಚಿದ್ದು ಕೈಗೆ, ಆದರೆ ಹೊಟ್ಟೆ, ಬೆನ್ನು, ತೊಡೆಯ ಮೇಲೆ ದದ್ದು ಏಳುತ್ತದೆ. ಅಂಗೈ, ಅಂಗಾಲು, ನೆತ್ತಿ ತುರಿಸುತ್ತದೆ. ತುಟಿ, ಕಣ್ಣಿನ ರೆಪ್ಪೆ, ನಾಲಿಗೆ ದಪ್ಪವಾಗುತ್ತದೆ. ದನಿ ಒಡೆಯುತ್ತದೆ, ಎಂಜಲು ನುಂಗಲಾಗುವುದಿಲ್ಲ, ಉಬ್ಬಸದವರಂತೆ ಎದೆ ಸುಯ್‌ಗುಡುತ್ತದೆ. ವಾಂತಿ, ಹೊಟ್ಟೆ ನುಲಿತ, ತಟ್ಟನೆ ಭೇದಿ. ತಲೆ ಸುತ್ತಿ ಕಣ್ಣು ಕತ್ತಲಿಟ್ಟು ಬಿದ್ದುಬಿಡುವುದೂ ಉಂಟು. ಇವೆಲ್ಲ ಒಟ್ಟಿಗೇ ಬರಬೇಕೆಂದಿಲ್ಲ. ಮೈಮೇಲೆ ಒಂದು ದದ್ದೂ ಇಲ್ಲದೆ ನೇರವಾಗಿ ಕುಸಿದು ಬೀಳುವವರೂ ಇದ್ದಾರೆ. ಆಗ ಜೊತೆಯಲ್ಲಿದ್ದವರು "ಬಿಸಿಲಿಗೆ ಹಾಗಾಯಿತು, ಬೆಳಗ್ಗೆ ಏನೂ ತಿಂದಿರಲಿಲ್ಲ" ಎಂದುಕೊಂಡು ಮುಖಕ್ಕೆ ನೀರು ಚಿಮುಕಿಸುತ್ತಾ ಕೂರುತ್ತಾರೆ. ಆ ಹತ್ತು ನಿಮಿಷ ಬಹಳ ದುಬಾರಿ.

ಎಷ್ಟು ದುಬಾರಿ ಎಂದರೆ, ಬ್ರಿಟನ್ನಿನಲ್ಲಿ ಇಂಥ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹುಳ ಕಚ್ಚಿ ಸತ್ತವರಲ್ಲಿ ಅರ್ಧದಷ್ಟು ಮಂದಿಗೆ 15 ನಿಮಿಷದೊಳಗೇ ಉಸಿರು ಅಥವಾ ಹೃದಯ ನಿಂತಿತ್ತು. ನಮ್ಮ ತೋಟದಿಂದ ರಸ್ತೆಗೆ ಬರಲು ಎಷ್ಟು ಹೊತ್ತು ಬೇಕು, ನೀವೇ ಲೆಕ್ಕ ಹಾಕಿ.

ಹಿಂದೆ ಕಚ್ಚಿದಾಗ ಏನೂ ಆಗದವರಿಗೆ ಈ ಸಲ ಏಕೆ ಹೀಗೆ? 1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಎಂಬ ವಿಜ್ಞಾನಿಗಳು ನಾಯಿಗಳಿಗೆ ಕಡಲ ಜೀವಿಯೊಂದರ ವಿಷವನ್ನು ಸ್ವಲ್ಪ ಸ್ವಲ್ಪ ಕೊಟ್ಟು ನೋಡಿದರು. ಅಭ್ಯಾಸವಾಗಿ ತಡೆದುಕೊಳ್ಳುತ್ತವೆ ಎಂದು ಅವರ ಎಣಿಕೆ. ಆದದ್ದು ಉಲ್ಟಾ. ಮೊದಲ ಸಲ ತಡೆದುಕೊಂಡಿದ್ದ ನಾಯಿ ಕೆಲವು ವಾರಗಳ ನಂತರ ಅಷ್ಟೇ ಸಣ್ಣ ಪ್ರಮಾಣಕ್ಕೆ ಅರ್ಧ ಗಂಟೆಯೊಳಗೆ ಸತ್ತಿತು. ಇದಕ್ಕೆ ಅವರಿಟ್ಟ ಹೆಸರು 'ಅನಾಫಿಲಾಕ್ಸಿಸ್'. ವೈದ್ಯರು ಇಂದಿಗೂ ಅದನ್ನೇ ಹೇಳುತ್ತಾರೆ, ಚೀಟಿಯಲ್ಲಿಯೂ ಅದನ್ನೇ ಬರೆಯುತ್ತಾರೆ. ಈ ಕೆಲಸಕ್ಕೆ ರಿಷೆ ಅವರಿಗೆ 1913ರಲ್ಲಿ ನೊಬೆಲ್ ಬಂತು. ಒಂದು ಸಲ ಕಚ್ಚಿಸಿಕೊಂಡಾಗ ಮೈ ಆ ವಿಷವನ್ನು ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಕೆಲವರ ಮೈ ಮುಂದಿನ ಸಲ ಅದರ ಮೇಲೆ ಅತಿಯಾಗಿ ಎರಗುತ್ತದೆ. ಆಗ ರಕ್ತನಾಳಗಳೆಲ್ಲ ಸಡಿಲಗೊಂಡು ನೀರಿನಂಶ ಹೊರಕ್ಕೆ ಸೋರುತ್ತದೆ. ಹನಿ ನೀರಾವರಿ ಪೈಪಿನಲ್ಲಿ ಹತ್ತು ಕಡೆ ತೂತು ಬಿದ್ದರೆ ಕೊನೆಯ ಗಿಡಕ್ಕೆ ನೀರು ಹೋಗುವುದಿಲ್ಲವಲ್ಲ, ಹಾಗೆ ರಕ್ತದೊತ್ತಡ ಇಳಿದು ಮಿದುಳಿಗೆ, ಹೃದಯಕ್ಕೆ ರಕ್ತ ಸಾಲದಾಗುತ್ತದೆ. ಇನ್ನೊಂದು ಕಡೆ ಶ್ವಾಸನಾಳ ಬಿಗಿಯುತ್ತದೆ.

ಔಷಧಿ ಒಂದೇ

ಇದಕ್ಕೆ ಮೊದಲ ಔಷಧಿ ಅಡ್ರಿನಲಿನ್ ಇಂಜೆಕ್ಷನ್. ಇದು ನಿಮಗೆ ಗೊತ್ತಿರುವ ವಸ್ತುವೇ. ಹಾಲು ಕರೆಯುವಾಗ ನಾಯಿ ಬೊಗಳಿ ಹಸು ಬೆದರಿದರೆ ಸೊರೆ ಬಿಡುವುದಿಲ್ಲ, ಹಾಲು ಮೇಲಕ್ಕೇ ಉಳಿಯುತ್ತದೆ. ಆಗ ಅದರ ರಕ್ತಕ್ಕೆ ಸೇರಿ ಕೆಚ್ಚಲಿನ ನಾಳಗಳನ್ನು ಬಿಗಿಯುವುದು ಇದೇ ಅಡ್ರಿನಲಿನ್. ಕೊಟ್ಟಿಗೆಯಲ್ಲಿ ಹಾಲು ಕಡಿಮೆ ಮಾಡುವ ಆ ಗುಣವೇ ಇಲ್ಲಿ ಜೀವ ಉಳಿಸುತ್ತದೆ: ಸಡಿಲಗೊಂಡ ರಕ್ತನಾಳ ಬಿಗಿಯುತ್ತದೆ, ಕಟ್ಟಿದ ಶ್ವಾಸನಾಳ ತೆರೆಯುತ್ತದೆ, ಹೃದಯದ ಬಡಿತಕ್ಕೆ ಬಲ ಬರುತ್ತದೆ. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಇಳಿಯದಿದ್ದರೆ 5 ನಿಮಿಷಕ್ಕೆ ಮತ್ತೊಮ್ಮೆ. ಹಾಕಬೇಕಾದವರು ವೈದ್ಯರು, ನರ್ಸು. ದುಬಾರಿ ಔಷಧಿಯೇನಲ್ಲ, ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇರುವಂಥದ್ದು.

ಹಾಗಿದ್ದರೂ ಜನ ಸಾಯುವುದು, ಆ ಔಷಧಿ ಇರುವ ಕಡೆಗೆ ತಡವಾಗಿ ತಲುಪುವುದರಿಂದ. ನಡುವೆ ಏನೇನೋ ನಡೆಯುತ್ತದೆ. ಸುಣ್ಣ, ಅರಿಶಿನ, ತುಂಬೆ ಸೊಪ್ಪಿನ ರಸ, ಮಂತ್ರ. ಇವುಗಳಿಂದ ಉರಿಗೆ, ಮನಸ್ಸಿಗೆ ಸಮಾಧಾನ ಸಿಕ್ಕರೆ ಸಿಗಲಿ, ಜಗಳವಿಲ್ಲ. ಆದರೆ ಉಸಿರು ಕಟ್ಟುತ್ತಿರುವವರಿಗೆ ಅದರಿಂದ ಏನೂ ಆಗದು. ಅಲರ್ಜಿ ಮಾತ್ರೆಯೂ ಅಷ್ಟೇ. ಸಿಟ್ರಿಜಿನ್, ಏವಿಲ್ ತುರಿಕೆ ಇಳಿಸುತ್ತವೆ, ಬಿದ್ದ ರಕ್ತದೊತ್ತಡವನ್ನು ಎತ್ತುವುದಿಲ್ಲ. ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಪಶುವೈದ್ಯರ ಚೀಲದಲ್ಲೂ ಏವಿಲ್ ಇರುತ್ತದೆ. "ಹೇಗೂ ಅದೇ ಔಷಧಿ ಅಲ್ವಾ ಸಾರ್, ನನಗೂ ಒಂದು ಹಾಕ್ಬಿಡಿ" ಎಂದು ಕೇಳುವವರಿದ್ದಾರೆ. ದಯವಿಟ್ಟು ಕೇಳಬೇಡಿ. ತುರಿಕೆ ಇಳಿದದ್ದನ್ನು ನೋಡಿ ವಾಸಿಯಾಯಿತೆಂದು ಮನೆಯಲ್ಲೇ ಉಳಿದುಬಿಡುತ್ತೀರಿ.

ಈಗ ನಿಮ್ಮ ಮುಂದೆಯೇ ಯಾರೋ ಕುಸಿದರು ಎಂದಿಟ್ಟುಕೊಳ್ಳಿ. ಅಂಗಾತ ಮಲಗಿಸಿ, ಕಾಲಿನಡಿ ಹುಲ್ಲಿನ ಕಟ್ಟನ್ನೋ ಹಿಂಡಿ ಮೂಟೆಯನ್ನೋ ಇಟ್ಟು ಎತ್ತರ ಮಾಡಿ. 108ಕ್ಕೆ ಕರೆ ಮಾಡಿ, "ಹುಳ ಕಚ್ಚಿ ಮೈಯೆಲ್ಲ ಅಲರ್ಜಿಯಾಗಿದೆ, ಉಸಿರಾಟ ಕಷ್ಟವಾಗಿದೆ" ಎಂದೇ ಹೇಳಿ. ಬರೀ "ಹುಳ ಕಚ್ಚಿದೆ" ಎಂದರೆ ತುರ್ತು ತಿಳಿಯದು. ಉಸಿರಾಡಲು ತೀರಾ ಕಷ್ಟವಾಗಿದ್ದರೆ ಕಾಲು ಚಾಚಿಸಿ ಒರಗಿ ಕೂರಿಸಬಹುದು. ವಾಂತಿಯಾಗುತ್ತಿದ್ದರೆ ಒಂದು ಮಗ್ಗುಲಿಗೆ, ಗರ್ಭಿಣಿಯಾದರೆ ಎಡಮಗ್ಗುಲಿಗೆ ಮಲಗಿಸಿ. ನೀರು, ಕಾಫಿ ಕುಡಿಸಬೇಡಿ.

ಎಬ್ಬಿಸಿ ನಿಲ್ಲಿಸಬೇಡಿ, ನಡೆಸಬೇಡಿ. ರಕ್ತದೊತ್ತಡ ಬಿದ್ದವರನ್ನು ತಟಕ್ಕನೆ ನೇರ ಕೂರಿಸಿದಾಗ ಹೃದಯಕ್ಕೆ ಮರಳುವ ರಕ್ತವೇ ಇಲ್ಲದಾಗಿ ಆ ಕ್ಷಣದಲ್ಲೇ ಪ್ರಾಣ ಹೋದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಮಾಡುವುದೇನು? ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಓಡಿಸುವುದು. ಉದ್ದೇಶ ಒಳ್ಳೆಯದೇ, ಆದರೆ ಇಂಥ ರೋಗಿಗೆ ಅದಕ್ಕಿಂತ ಕೆಟ್ಟ ಸವಾರಿ ಇಲ್ಲ. 108 ತಡವಾಗುವುದಾದರೆ ಸೀಟು ಹಿಂದಕ್ಕೆ ಬಾಗುವ ಕಾರು, ಸರಕಿನ ಆಟೊ, ಕೊನೆಗೆ ಹಾಲಿನ ಕ್ಯಾನು ಸಾಗಿಸುವ ಟೆಂಪೋ ಆದರೂ ಸರಿ. ಮಲಗಿಸಿಕೊಂಡು ಹೋಗುವ ಗಾಡಿ ಬೇಕು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಬಿದ್ದು ಹತ್ತು ನಿಮಿಷಕ್ಕೆ ರೋಗಿ ಎದ್ದು ಕೂತು "ಹೊತ್ತಾಯ್ತು, ಹಾಲು ಕರೀಬೇಕು" ಎನ್ನಬಹುದು. ಬಿಡಬೇಡಿ. ಇಳಿದ ಅಲರ್ಜಿ ಕೆಲವು ಗಂಟೆಗಳ ನಂತರ ಮತ್ತೆ ಏರುವುದುಂಟು. ವೈದ್ಯರು ಇರಿ ಎಂದಷ್ಟು ಹೊತ್ತು ಅಲ್ಲೇ ಇರಬೇಕು. ಅವತ್ತಿನ ಸಂಜೆಯ ಹಾಲನ್ನು ಪಕ್ಕದ ಮನೆಯವರು ಕರೆದುಕೊಟ್ಟಾರು.

ಒಮ್ಮೆ ಹೀಗಾದವರು

ಒಮ್ಮೆ ಹುಳ ಕಚ್ಚಿ ಮೈಯೆಲ್ಲ ಅಲರ್ಜಿಯಾದ ದೊಡ್ಡವರಲ್ಲಿ, ಮತ್ತೆ ಅದೇ ಹುಳ ಕಚ್ಚಿದರೆ ನೂರಕ್ಕೆ 30ರಿಂದ 60 ಮಂದಿಗೆ ಹಾಗೇ ಆಗುವ ಸಂಭವವಿದೆ. ಆದ್ದರಿಂದ "ಹೋದ ವರ್ಷ ಸ್ವಲ್ಪ ತಲೆ ಸುತ್ತಿತ್ತು, ಅಷ್ಟೇ" ಎಂಬ ಮಾತನ್ನು ಹಗುರವಾಗಿ ಆಡಬೇಡಿ. ಅಂಥವರು ದೊಡ್ಡ ಆಸ್ಪತ್ರೆಯ ಅಲರ್ಜಿ ತಜ್ಞರನ್ನು ಒಮ್ಮೆ ಕಾಣಬೇಕು. ಅದೇ ವಿಷವನ್ನು ಅತಿ ಕಡಿಮೆ ಪ್ರಮಾಣದಲ್ಲಿ ವರ್ಷಗಟ್ಟಲೆ ಕೊಟ್ಟು ಮೈಯನ್ನು ಪಳಗಿಸುವ ಚಿಕಿತ್ಸೆ ಇದೆ. ನಿಮಗೆ ಅದು ಬೇಕೇ, ಎಲ್ಲಿ ಸಿಗುತ್ತದೆ ಎಂದು ಅವರು ಹೇಳುತ್ತಾರೆ. ಬಿ.ಪಿ.ಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ ಮಾತ್ರೆ ನುಂಗುವವರು ಅದನ್ನೂ ತಿಳಿಸಿ, ಏಕೆಂದರೆ ಆ ಮಾತ್ರೆಗಳು ಅಡ್ರಿನಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ನೀವಾಗಿಯೇ ನಿಲ್ಲಿಸಲು ಹೋಗಬೇಡಿ.

ಮನೆಯಲ್ಲಿ ಅಂಥವರಿದ್ದರೆ ಹುಲ್ಲಿಗೆ ಒಬ್ಬರನ್ನೇ ಕಳಿಸಬೇಡಿ, ಫೋನು ಸೊಂಟದಲ್ಲೇ ಇರಲಿ. ಬಿಡುವಿದ್ದಾಗ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಎರಡೇ ಪ್ರಶ್ನೆ ಕೇಳಿ ಬನ್ನಿ: ಅಡ್ರಿನಲಿನ್ ಇದೆಯೇ, ಬೆಳಗಿನ ಜಾವ ಹಾಗೂ ರಾತ್ರಿ ಹಾಕುವವರು ಇರುತ್ತಾರೆಯೇ? ಇಲ್ಲ ಎಂದಾದರೆ ಅಂಥ ಹೊತ್ತಿನಲ್ಲಿ ಯಾವ ಆಸ್ಪತ್ರೆಗೆ ನೇರ ಹೋಗಬೇಕೆಂದು ಇವತ್ತೇ ತೀರ್ಮಾನಿಸಿ, ಸಂಘದ ಗೋಡೆಯ ಮೇಲೂ ಬರೆಸಿ.

ಹೆಜ್ಜೇನು ಎದ್ದರೆ

ಹೆಜ್ಜೇನಿನ ಲೆಕ್ಕ ಬೇರೆ. ಅಲ್ಲಿ ಅಲರ್ಜಿ ಇಲ್ಲದವರಿಗೂ ಅಪಾಯ, ಏಕೆಂದರೆ ಕಚ್ಚುವುದು ಒಂದಲ್ಲ, ನೂರಾರು. ಒಂದು ಹುಳ ಕಚ್ಚಿದ ಕೂಡಲೇ ಅಲ್ಲಿಂದ ಬಾಳೆಹಣ್ಣಿನಂಥ ವಾಸನೆಯ ವಸ್ತು ಹೊರಬಂದು ಉಳಿದವನ್ನೆಲ್ಲ ಕರೆಯುತ್ತದೆ. ಹುಳವನ್ನು ಅಪ್ಪಳಿಸಿ ಕೊಂದರೂ ಹಾಗೆಯೇ. ಕೈ ಬೀಸುತ್ತಾ ನಿಲ್ಲದೆ, ಟವೆಲ್ಲು, ಸೆರಗಿನಿಂದ ಮುಖ ಮುಚ್ಚಿ ಓಡಿ ಮನೆಯೊಳಗೋ ವಾಹನದೊಳಗೋ ಸೇರಿ ಬಾಗಿಲು ಹಾಕಿ. ಕೆರೆ, ಬಾವಿಗೆ ಹಾರಬೇಡಿ, ಹುಳಗಳು ಮೇಲೆ ಕಾಯುತ್ತಿರುತ್ತವೆ. ಒಳಗೆ ಬಂದ ಮೇಲೆ ಮೈಯಲ್ಲಿ ಉಳಿದ ಮುಳ್ಳುಗಳನ್ನು ಉಗುರಿನಿಂದಲೋ ಹೇಗೋ ಬೇಗ ಕಿತ್ತುಹಾಕಿ. ಜೇನಿನ ಮುಳ್ಳು ಕಿತ್ತುಬಂದ ಮೇಲೂ ಅದರ ಚೀಲ ವಿಷ ತಳ್ಳುತ್ತಲೇ ಇರುತ್ತದೆ. ಕಡಜ ಮುಳ್ಳು ಬಿಡುವುದಿಲ್ಲ, ಮತ್ತೆ ಮತ್ತೆ ಕಚ್ಚಬಲ್ಲದು. ಹತ್ತಾರು ಕಡೆ ಕಚ್ಚಿದ್ದರೆ ಆರಾಮವಾಗಿದ್ದರೂ ಆಸ್ಪತ್ರೆಗೆ ಹೋಗಿ. ಒಂದೆರಡು ದಿನ ಬಿಟ್ಟು ಮೂತ್ರಪಿಂಡ ಕೈಕೊಡುವುದಿದೆ. ಮೂತ್ರ ಕೆಂಪಗೆ, ಕಂದಗೆ ಬಂದರೆ ಅಥವಾ ಕಡಿಮೆಯಾದರೆ ತಡ ಮಾಡಬೇಡಿ.

ಕಟ್ಟಿದ ದನ ಓಡಲಾರದು. ಹೆಜ್ಜೇನು ಕಟ್ಟಿದ ಮರದಡಿ ದನ ಕಟ್ಟಬೇಡಿ, ಅದರ ಹತ್ತಿರ ಕಸಕಡ್ಡಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಬೇಡಿ. ಹಗ್ಗಕ್ಕೆ ಎಳೆದರೆ ಬಿಚ್ಚುವ ಜಾರುಗಂಟು ಹಾಕಿದ್ದರೆ ಮೊದಲ ಹುಳಗಳು ಕಂಡಾಗಲೇ ಬಿಡಿಸಬಹುದು. ಹಿಂಡು ಆಗಲೇ ಮುತ್ತಿದ್ದರೆ ಹಸುವಿಗಾಗಿ ಒಳನುಗ್ಗಬೇಡಿ. ಬರೆಯಲು ಸುಲಭ, ಆ ಗಳಿಗೆಯಲ್ಲಿ ಕಷ್ಟವೆಂದು ಗೊತ್ತು. ಹುಳ ಅಡಗಿದ ಮೇಲೆ ಮೂಗಿನ ಹೊಳ್ಳೆ, ತುಟಿ, ಕಣ್ಣಿನ ಸುತ್ತ, ಕೆಚ್ಚಲು ಊದಿದೆಯೇ ನೋಡಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಪಶುವೈದ್ಯರಿಗೆ ಅದನ್ನೇ ಮೊದಲು ಹೇಳಿ. ಇಂಜೆಕ್ಷನ್ ಕೊಟ್ಟರೆ, ಎಷ್ಟು ದಿನದ ಹಾಲನ್ನು ಸಂಘಕ್ಕೆ ಹಾಕಬಾರದೆಂದು ಅವರನ್ನು ಅಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.