ಮೂರು ತಿಂಗಳು ತುಂಬೋವರೆಗೂ ಕಾಯಬೇಕಾ?

“ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳ್ಬೇಡ ಕಣೇ” ಅಂದಿದ್ದಳು ಅಮ್ಮ. ಹಾಗಾಗಿ ಐಸಿಯು ನರ್ಸ್ ಆದ ನಾನು ಒಂಬತ್ತನೇ ವಾರದಲ್ಲೂ ಸುಮ್ಮನೆ ನೈಟ್ ಡ್ಯೂಟಿ ಮಾಡ್ತಿದ್ದೆ. ಸತತ ಮೂರನೇ ರಾತ್ರಿ, ಡ್ರಿಪ್ ಬದಲಿಸುವಾಗ ತಲೆ ಸುತ್ತಿ ಗೋಡೆ ಹಿಡಿದೆ.

ಡಾಕ್ಟರ್ 2019ರ ಡೆನ್ಮಾರ್ಕ್ ಅಧ್ಯಯನವೊಂದರ ಬಗ್ಗೆ ಹೇಳಿದರು. 22 ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಲೆಕ್ಕ ಅದು. ಎಂಟನೇ ವಾರದ ನಂತರ, ಒಂದೇ ವಾರದಲ್ಲಿ ಎರಡು ಅಥವಾ ಹೆಚ್ಚು ರಾತ್ರಿ ದುಡಿದವರಿಗೆ ಮುಂದಿನ ವಾರ ಗರ್ಭಪಾತದ ಅಪಾಯ ಶೇ. 32ರಷ್ಟು ಹೆಚ್ಚು. ರಾತ್ರಿಯ ಬೆಳಕಿಗೆ ಮೆಲಟೋನಿನ್ ಕಡಿಮೆಯಾಗುವುದು ಕಾರಣ ಇರಬಹುದಂತೆ. ನೈಟ್ ಮಾಡಿದವರಿಗೆಲ್ಲ ಹೀಗಾಗುತ್ತೆ ಅಂತಲ್ಲ.

ಮರುದಿನವೇ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದೆ. “ಮೊದಲೇ ಹೇಳೋದಲ್ವಾ!” ಅಂದವರು ಡ್ಯೂಟಿ ಬದಲಿಸಿದರು. ನನ್ನ ರಾತ್ರಿಗಳು ಗೆಳತಿಯರ ಪಾಲಾದವು. ಆ ಸಂಕೋಚ ಇನ್ನೂ ಇದೆ.

ಊರಿಗೆಲ್ಲ ಹೇಳಬೇಡಿ, ಅಮ್ಮನ ಮಾತು ಸರಿ. ಡ್ಯೂಟಿ ಹಾಕುವವರಿಗೆ ಮಾತ್ರ ಬೇಗ ಹೇಳಿಬಿಡಿ.